ಕಯಾಕಿನ ಹಿಂದಿನ ಸೀಟು

ಚಿಟ್... ಚಿಟ್... ಚಿಟ್...

ಹೊಳೆಯ ನೀರು ಇಳಿದ ಮೇಲೆ ಕಪ್ಪು ಕೆಸರು ಮಾಡುವ ಸದ್ದು ಅದು. ಸಾವಿರ ಸಣ್ಣ ಬಾಯಿಗಳು ತೆರೆದು ಮುಚ್ಚಿದ ಹಾಗೆ. ಈಗಲೂ ನಿದ್ದೆಯಲ್ಲಿ ಕೇಳುತ್ತದೆ. ಸುಳ್ಳು ಹೇಳಬಾರದು, ದೆವ್ವ ಇಲ್ಲ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಮೊದಲನೆಯದನ್ನು ನಾನು ಇಂದಿಗೂ ಪಾಲಿಸುತ್ತೇನೆ.

ಉದ್ಯಾವರದ ಹೊಳೆಯಲ್ಲಿ ನಮ್ಮ ಪ್ಯಾಡ್ಲಿಂಗ್ ಕ್ಲಬ್ಬಿನ ಔಟಿಂಗ್. ಆರು ಕಯಾಕ್, ಒಂದೊಂದರಲ್ಲಿ ಇಬ್ಬರು. ನನ್ನ ಪಾರ್ಟ್‌ನರ್ ವಾರಿಜ, ಒಂದನೇ ಕ್ಲಾಸಿನಿಂದ ಗೆಳತಿ. ಮೀನುಗಾರರ ಮನೆಯವಳು, ಹಾಗಾಗಿ ಹಿಂದೆ ಕೂತು ದಿಕ್ಕು ನೋಡುವವಳು ಅವಳೇ. ಮುಂದಿನವರು ಮೊದಲು ಕೂರಬೇಕು, ಹಿಂದಿನವರು ದೋಣಿ ತಳ್ಳಿ ಹತ್ತಬೇಕು. ಇದು ಕ್ಲಬ್ಬಿನ ಕ್ರಮ. ಲೈಫ್ ಜಾಕೆಟ್ ಬಿಗಿದ ಮೇಲೆ ತಿರುಗಿ ನೋಡುವುದು ನನ್ನ ವಯಸ್ಸಿಗೆ ಆಗದ ಮಾತು.

ಸಂಜೆ ಹೊಳೆಯ ನಡುವಿನ ಒಂದು ಕುದುರಿನ ಮರಳಿನಲ್ಲಿ ಚಹಾ ಕುಡಿದೆವು.

“ಮಹಾರಾಣಿ, ಪಲ್ಲಕ್ಕಿ ರೆಡಿ ಉಂಟು, ಹತ್ತಿ,” ಎಂದಳು ವಾರಿಜ.

ಹತ್ತಿ ಕೂತೆ. ದೋಣಿ ಜಾರಿತು. ಹಿಂದೆ ಭಾರ ಬಿತ್ತು. ಹೊರಟೆವು.

ಸ್ವಲ್ಪ ಹೊತ್ತಿಗೆ ದೋಣಿ ತಾನಾಗಿ ಎಡಕ್ಕೆ ತಿರುಗಿ ನೀರಿನಲ್ಲೇ ಬೇರು ಬಿಡುವ ಕಾಂಡ್ಲಾ ಗಿಡಗಳ ನಡುವಿನ ಸಪೂರ ಸಂದಿಗೆ ನುಗ್ಗಿತು.

“ಶಾರ್ಟ್‌ಕಟ್ಟಾ?” ಎಂದೆ.

ಹಿಂದಿನ ಪ್ಯಾಡಲಿನ ಸದ್ದು ಮಾತ್ರ. ನನ್ನ ಪ್ಯಾಡಲಿಗೆ ತಾಳ ಹಾಕಿದ ಹಾಗೆ...

ಕೊಂಬೆಗಳು ಮುಖಕ್ಕೆ ಬಡಿದವು. ಬೆಳಕು ಸತ್ತಿತು. ಕೊಳೆತ ಮೊಟ್ಟೆಯಂಥ ವಾಸನೆ. ಎಲ್ಲಿಯೋ ದೋಣಿಯ ತಳ ಕರಕರ ಎಂದು ಉಜ್ಜಿ ನಿಂತುಬಿಟ್ಟಿತು. ನೀರು ಇಳಿದಿತ್ತು. ಎರಡೂ ಕಡೆ ಬೇರುಗಳ ಜಾಲ. ಕಾಲಿಟ್ಟರೆ ಸೊಂಟದವರೆಗೆ ಹೂಳುವ ಕೆಸರು.

“ಸಿಟ್ಟು ಎಂತಕ್ಕೆ ಮಾರಾಯ್ತಿ? ಮಾತಾಡು.”

ಹಿಂದೆ ಒಂದು ಉದ್ದನೆಯ ಉಸಿರು... ತಣ್ಣಗೆ ನನ್ನ ಕತ್ತಿಗೆ ತಾಗಿತು.

ಆಗಲೇ ದೂರದ ಹೊಳೆಯಿಂದ ಕೂಗು ಬಂತು.

“ಸುಮತೀ... ಎಲ್ಲಿದ್ದೀ?”

ಅದು ವಾರಿಜಳ ಧ್ವನಿ.

ದೋಣಿಯ ಹಿಂಭಾಗ ಇನ್ನೂ ತಗ್ಗಿಯೇ ಇತ್ತು. ಇಳಿಯುವಂತಿಲ್ಲ, ತಿರುಗುವಂತಿಲ್ಲ. ಸಿಸ್ಟರ್‌ಗಳು ಕಲಿಸಿದ ಹೇಲ್ ಮೇರಿ ಪ್ರಾರ್ಥನೆ ಶುರು ಮಾಡಿದೆ, ಅರ್ಧಕ್ಕೇ ಮರೆತುಹೋಯಿತು. ಹಿಂದಿನ ಭಾರ ಒಂದು ಗೇಣು ಮುಂದೆ ಸರಿಯಿತು... ಮತ್ತೆ ಒಂದು ಗೇಣು...

ಜಾಕೆಟಿನ ವಿಸಿಲ್ ಕಚ್ಚಿ ಊದಿದೆ. ಉಸಿರು ಮುಗಿಯುವವರೆಗೆ ಊದಿದೆ.

ಕೊನೆಗೆ ಗಿಡಗಳ ಸಂದಿಯಲ್ಲಿ ಟಾರ್ಚ್ ಹೊಳೆಯಿತು. ನಮ್ಮ ಲೀಡರ್ ಪ್ರಸಾದ.

“ಅಕ್ಕ, ಅಲುಗಾಡ್ಬೇಡಿ. ಹಗ್ಗ ಬಿಸಾಡ್ತೇನೆ, ಗಟ್ಟಿ ಹಿಡ್ಕೊಳ್ಳಿ.”

ಬೆಳಕು ಬಿದ್ದೊಡನೆ ದೋಣಿಯ ಹಿಂಭಾಗ ಥಟ್ಟನೆ ಮೇಲೆದ್ದಿತು. ಯಾರೂ ನೀರಿಗೆ ಬಿದ್ದ ಸದ್ದಾಗಲಿಲ್ಲ.

ಕುದುರಿನ ದಡದಲ್ಲಿ ವಾರಿಜ ಕಾಯುತ್ತಿದ್ದಳು. ಹಿಂದಿನ ಸೀಟಿನ ಪ್ಯಾಡಲ್ ಅವಳ ಕೈಯಲ್ಲೇ ಇತ್ತು.

“ಫ್ಲಾಸ್ಕ್ ಬಿಟ್ಟು ಬಂದಿದ್ದೆ, ತರ್ಲಿಕ್ಕೆ ಹೋದೆ. ತಿರುಗುವಾಗ ನೀನು ಹೊರಟಾಗಿತ್ತು. ಎಷ್ಟು ಕೂಗಿದೆ!”

“ನಾನು ಒಬ್ಬಳೇ ಹೋಗುತ್ತಿದ್ದೆನಾ, ವಾರಿಜಾ?”

ಅವಳು ಪ್ಯಾಡಲನ್ನು ಮರಳಿಗೆ ಹಾಕಿ, ನನಗೆ ಬೆನ್ನು ಮಾಡಿ ನಡೆದಳು.

ಮತ್ತೆ ಅವಳು ನನ್ನ ಮನೆಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಅರವತ್ತು ವರ್ಷದ ಸ್ನೇಹ! ತಾನು ಏನು ನೋಡಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ನನ್ನ ಪಾಡಿಗೆ ನಾನು ಸುಮ್ಮನಿರುತ್ತಿದ್ದೆ.

ಅವಳು ತೀರಿಕೊಳ್ಳುವ ಎರಡು ವಾರ ಮೊದಲು, ಕಡಿಯಾಳಿಯ ಒಂದು ಕ್ಲಿನಿಕ್ಕಿನಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಬಡಕಲಾಗಿದ್ದಳು. ನಾನು ಒಬ್ಬಳೇ ಒಳಗೆ ಹೋದೆ. ವಾರಿಜ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ನನ್ನ ಹೆಗಲಿನ ಹಿಂದೆ ನೋಡಿದಳು. ಬಹಳ ಹೊತ್ತು.

ಬೆಂಚಿನ ತುದಿಗೆ ಸರಿದು, ಇನ್ನೂ ಇಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಟ್ಟಳು.