ಶೈಬಾ ಸತ್ತನೆಂದು ಬರೆದೆ

ಎಂಬತ್ತರ ದಶಕದ ನಡುವಿನಲ್ಲಿ ನಾನು ಮಸ್ಕತ್ತಿನ ಅಲ್ ಖುವೈರ್‌ನ ಒಂದು ಕಚೇರಿಯಲ್ಲಿ ದಾಖಲೆ ಬರೆಯುವ ಗುಮಾಸ್ತನಾಗಿದ್ದೆ. ಬೇಟೆಗೆ ತುತ್ತಾಗಿ ಆ ನಾಡಿನಲ್ಲಿ ಅಳಿದುಹೋಗಿದ್ದ ಒರಿಕ್ಸ್ ಎಂಬ ಬಿಳಿ ಜಿಂಕೆಗಳನ್ನು ಹೊರಗಿನಿಂದ ತರಿಸಿ, ಮತ್ತೆ ಬಯಲಿಗೆ ಬಿಟ್ಟು, ಅವುಗಳ ಬದುಕನ್ನು ದಿನದಿನವೂ ಗಮನಿಸಿ ಬರೆದಿಡುವುದು ಕಚೇರಿಯ ಕೆಲಸ. ತಿಂಗಳಿಗೆ ಹತ್ತು ದಿನ ನಾನು ಜಿದ್ದತ್ ಅಲ್ ಹರಾಸಿಸ್ ಎಂಬ ಕಲ್ಲುಬಯಲಿನ ಶಿಬಿರದಲ್ಲಿರುತ್ತಿದ್ದೆ. ಅದನ್ನು ನಾನೇ ಕೇಳಿ ಪಡೆದಿದ್ದೆ.

ಕೇಳಿದ್ದಕ್ಕೆ ಕಾರಣವಿತ್ತು. ಮೈಸೂರಿನ ಪಾಠಶಾಲೆಯಲ್ಲಿ ಓದಿದ ನನಗೆ ಸಮುದ್ರ ದಾಟಿ ಬಂದ ಅಳುಕು ಒಳಗೆ ಉಳಿದೇ ಇತ್ತು. ಜಿಂಕೆ ತನ್ನಷ್ಟಕ್ಕೆ ತಾನು ಸಂಚರಿಸುವ ನೆಲ ಕರ್ಮಕ್ಕೆ ಯೋಗ್ಯವೆಂದು ಗುರುಗಳು ಹೇಳಿಕೊಟ್ಟಿದ್ದರು. ಅವರು ಹೇಳಿದ್ದು ಕೃಷ್ಣಮೃಗದ ವಿಷಯ. ಇಲ್ಲಿಯದು ಹಾಲಿನಂತೆ ಬಿಳುಪು. ಅಷ್ಟು ವ್ಯತ್ಯಾಸವನ್ನು ಭಗವಂತ ಮನ್ನಿಸಿಯಾನೆಂದು ನಂಬಿ ಹೊರಟೆ.

ಬೆಳಗಿನ ಜಾವ ಸಮುದ್ರದ ಕಡೆಯಿಂದ ಮಂಜು ಬಂದು ಬಯಲನ್ನು ತುಂಬುತ್ತಿತ್ತು. ನೀರು ದೂರದಿಂದ ಟ್ಯಾಂಕರಿನಲ್ಲಿ ಬರಬೇಕಾದ್ದರಿಂದ ಒಂದೇ ಲೋಟದಲ್ಲಿ ಸಂಧ್ಯಾವಂದನೆ ಮುಗಿಸುತ್ತಿದ್ದೆ. ನೀರಿಗೆಂದು ಹಿಂದಿನ ರಾತ್ರಿ ಬಂದು ಶಿಬಿರದಲ್ಲೇ ತಂಗಿದ ದಿನಗಳಲ್ಲಿ, ಅದೇ ಹೊತ್ತಿಗೆ ತುಸು ದೂರದಲ್ಲಿ ಆ ಬಯಲಿನವರೇ ಆದ ವೃದ್ಧ ಕಾವಲುಗಾರರೊಬ್ಬರು ನಮಾಜಿಗೆ ನಿಂತಿರುತ್ತಿದ್ದರು. ಯಾರ ಪ್ರಾರ್ಥನೆ ಮೊದಲು ಮುಗಿದರೂ ಇನ್ನೊಬ್ಬರದು ಮುಗಿಯುವವರೆಗೆ ಮಾತಿಲ್ಲ. ಬಳಿಕ ಅವರು ತಮ್ಮ ಪಿಕಪ್ ಹತ್ತಿ ಹಿಂಡನ್ನು ಅರಸಿ ಹೋಗುತ್ತಿದ್ದರು. ಹಗಲೆಲ್ಲ ಅದರ ಹಿಂದೆ ಅಲೆದು, ಸಂಜೆ ದೂರದ ತಮ್ಮ ಡೇರೆಯಿಂದ ರೇಡಿಯೋ ಸೆಟ್ಟಿನಲ್ಲಿ ಕಂಡದ್ದನ್ನು ಹೇಳುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವರಿಗೆ ಓದು ಬರಹವಿರಲಿಲ್ಲ. ಕಲ್ಲಿನ ಮೇಲೆ ಉಳಿದ ಅರೆಗೊರಸಿನ ಗುರುತು ನೋಡಿ ಯಾವ ಪ್ರಾಣಿ, ಎಂದು ಹೋಯಿತು, ಹಸಿದಿತ್ತೋ ಇಲ್ಲವೋ ಎಂದು ಹೇಳಬಲ್ಲವರಾಗಿದ್ದರು.

ಹಿಂಡಿನ ಒಡೆಯ ಒಂದು ಮುದಿ ಗಂಡು. ಅದರ ಎಡಗೊಂಬಿನ ತುದಿ ಸವೆದು ಮೊಂಡಾಗಿತ್ತು. ಕಾವಲುಗಾರರು ಅದನ್ನು ಶೈಬಾ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮುದುಕ ಎಂದರ್ಥ. ಮುಂದೆ ನಡೆಯುವುದು ಹಿರಿಯ ಹೆಣ್ಣು, ಕೊನೆಯಲ್ಲಿ ಶೈಬಾ. ಆ ವರ್ಷ ಒಂದು ಎಳೆಯ ಗಂಡು ಹಿಂಡಿನ ಅಂಚಿನಲ್ಲಿ ಸುಳಿಯತೊಡಗಿತು. ಎರಡೂ ಒಂದರ ಪಕ್ಕ ಒಂದು, ತಲೆ ಎತ್ತಿ, ಒಂದನ್ನೊಂದು ನೋಡದಂತೆ ಬಹುದೂರ ನಡೆಯುವವು. ಆಮೇಲೆ ತಟಕ್ಕನೆ ತಿರುಗಿ ಕೊಂಬಿಗೆ ಕೊಂಬು ತಾಗಿಸುವವು. ಮತ್ತೆ ಏನೂ ನಡೆದಿಲ್ಲವೆಂಬಂತೆ ಮೇಯುವವು. ವಾರಗಟ್ಟಲೆ ಹೀಗೆಯೇ ಸಾಗಿತು.

ನಮ್ಮ ಜೀಪಿನ ಚಾಲಕ ಉಡುಪಿ ಕಡೆಯವನು. ಅರಬ್ಬಿ ಚೆನ್ನಾಗಿ ಬಲ್ಲವನಾದ್ದರಿಂದ ದುಭಾಷಿಯೂ ಅವನೇ. ಆ ನಿಧಾನದ ಕಾಳಗ ಅವನಿಗೆ ಸಹ್ಯವಾಗುತ್ತಿರಲಿಲ್ಲ.

"ಇದೆಂತ ಜಗಳ ಪಂಡಿತ್ರೇ? ನಮ್ಮ ಕೋಳಿ ಅಂಕದಲ್ಲಾದ್ರೆ ಇಷ್ಟೊತ್ತಿಗೆ ಒಂದು ಗಸಿಗೆ ಹೋಗಿ ಆಗ್ತಿತ್ತು."

"ನನ್ನ ಮುಂದೆ ಕೋಳಿಸಾರಿನ ಮಾತು ಬೇಡಪ್ಪ."

"ನಿಮಗೆ ಬಡಿಸ್ಲಿಕ್ಕಿಲ್ಲ ಮಾರಾಯ್ರೇ, ಬರೀ ಹೇಳಿದ್ದು."

ಒಂದು ಸಂಜೆ ಅವನು ನೀರಿನ ಟ್ಯಾಂಕರಿಗೆ ದಾರಿ ತೋರಿಸಲು ಹೋಗಿದ್ದ. ರೇಡಿಯೋದ ಗರಗರದ ನಡುವೆ ಕಾವಲುಗಾರರ ದನಿ ಕೇಳಿತು: "ಶೈಬಾ ಖಲಾಸ್." ಹಿಂಡು ಈಗ ಎಳೆಯದರದು ಎಂಬಷ್ಟು ಅರಬ್ಬಿ ನನಗೂ ತಿಳಿಯಿತು. ಕೆಲಸಕ್ಕೆ ಖಲಾಸ್ ಎಂದರೆ ಮುಗಿಯಿತು ಎಂದು ಬಂದ ಹೊಸದರಲ್ಲೇ ಕಲಿತಿದ್ದೆ. ಆದರೆ ಒಂದು ಜೀವಕ್ಕೆ ಆ ಮಾತು ಹೇಳಿದಾಗ ಮನಸ್ಸಿಗೆ ಬಂದದ್ದು ನಮ್ಮ ಊರಿನ ಅರ್ಥ. ಮೈಸೂರಿನಲ್ಲಿ ಆಸಾಮಿ ಖಲಾಸ್ ಎಂದರೆ ಸತ್ತನೆಂದೇ ತಿಳಿಯುತ್ತಾರೆ. ಶೈಬಾ ಸತ್ತಿದೆ ಎಂದು ಬರೆದೆ. ಆ ರಾತ್ರಿ ಅದರ ಹೆಸರಿನಲ್ಲಿ ಎರಡು ಶ್ಲೋಕವನ್ನೂ ಹೇಳಿಕೊಂಡೆ.

ನಮ್ಮ ಕಚೇರಿಯ ಮುಖ್ಯಸ್ಥರು ಒಮಾನಿಗಳಾದರೂ ಹುಟ್ಟಿ ಬೆಳೆದದ್ದು ಪೂರ್ವ ಆಫ್ರಿಕದಲ್ಲಿ. ಯೌವನದಲ್ಲಿ ಅವರು ಸಿಂಹದ ಹಿಂಡುಗಳ ಹಿಂದೆ ವರ್ಷಗಟ್ಟಲೆ ತಿರುಗಿದವರು. ಬಿಡುವಿದ್ದಾಗ ಆ ಕಥೆಗಳನ್ನು ನಮಗೆ ಹೇಳುತ್ತಿದ್ದರು. ಅಣ್ಣತಮ್ಮಂದಿರಾದ ಎರಡು ಸಿಂಹಗಳು ಒಂದು ಹಿಂಡನ್ನು ಕಾದದ್ದು. ಅಣ್ಣ ಕುಂಟಾದ ಮೇಲೆ ನದಿಯಾಚೆಯ ಮೂವರು ಬಂದದ್ದು. ಬಂದವರು ಮೊದಲು ಮರಿಗಳನ್ನು ಕೊಂದದ್ದು. ತಾಯಂದಿರು ಕೆಲವು ದಿನ ಗರ್ಜಿಸಿ ಆಮೇಲೆ ಅವರ ಜೊತೆಗೇ ಮಲಗಿದ್ದು. ನನ್ನ ವರದಿಯನ್ನು ಓದಿ ಅವರು, "ಎಲ್ಲ ಕಡೆಯೂ ಹೀಗೆಯೇ. ಹಿಂಡು ಹೋದ ಗಂಡು ಹೆಚ್ಚು ದಿನ ಬದುಕುವುದಿಲ್ಲ" ಎಂದರು. ಪಟ್ಟಿಯಿಂದ ಶೈಬಾದ ಹೆಸರು ಹೋಯಿತು.

ಮುಂದಿನ ತಿಂಗಳು ನಾನು ಶಿಬಿರಕ್ಕೆ ಹೋದ ಎರಡನೆಯ ಸಂಜೆ ಕಾವಲುಗಾರರು ರೇಡಿಯೋದಲ್ಲಿ ಶೈಬಾ ಜಾಲಿಯ ಮರದಡಿ ಮಲಗಿ ಮೆಲುಕು ಹಾಕುತ್ತಿದೆ ಎಂದರು. ಮಾತನ್ನು ತಿಳಿಸಿ ಚಾಲಕ ಅಡಿಗೆಗೆ ಎದ್ದುಹೋದ. ನನ್ನ ಬರಹದ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ತಪ್ಪು ನನ್ನದಿರಬಹುದೆಂಬ ಯೋಚನೆಯೇ ಸುಳಿಯಲಿಲ್ಲ. ಸತ್ತ ಪ್ರಾಣಿಯನ್ನು ಜೀವಂತ ಕಂಡೆನೆಂದು ಕಾವಲುಗಾರರು ಹೇಳುತ್ತಿದ್ದಾರೆ ಎಂದು ಕೆಳಗೆ ಟಿಪ್ಪಣಿ ಸೇರಿಸಿ ಮಸ್ಕತ್ತಿಗೆ ಕಳಿಸಿದೆ. ನಾಲ್ಕು ದಿನದಲ್ಲಿ ಉತ್ತರ ಬಂತು. ಮುದುಕರು ಬಯಲಿಗೆ ಹೋಗದೆ ಡೇರೆಯಲ್ಲಿ ಕುಳಿತು ಬಾಯಿಗೆ ಬಂದ ವರದಿ ಹೇಳುತ್ತಿರುವಂತಿದೆ. ಮುಖ್ಯಸ್ಥರೇ ಬಂದು ಅವರನ್ನು ಕೆಲಸದಿಂದ ಬಿಡಿಸುವರು ಎಂದಿತ್ತು. ಕೆಲಸ ಹೋಗುವುದು ಒಂದು ಕಡೆ. ತಮ್ಮ ಜನರ ನಡುವೆ ಸುಳ್ಳನೆನಿಸಿಕೊಂಡು ಬಾಳುವುದು ಆ ವಯಸ್ಸಿನಲ್ಲಿ ಅವರಿಂದಾಗದ ಮಾತು. ನನಗೆ ಸಂಕಟವಾಯಿತು, ಆದರೂ ಸತ್ಯವನ್ನೇ ಬರೆದೆನೆಂಬ ಸಮಾಧಾನವಿತ್ತು.

ಮುಖ್ಯಸ್ಥರು ಬರುವ ಹಿಂದಿನ ಸಂಜೆ ಕಾವಲುಗಾರರು ಶಿಬಿರಕ್ಕೆ ಬಂದರು. ಅವರಿಗೆ ಇದಾವುದೂ ತಿಳಿದಿರಲಿಲ್ಲ. ನನ್ನ ನಿಯಮ ಬಲ್ಲವರಾದ್ದರಿಂದ ನನಗೆ ಖರ್ಜೂರ ಮಾತ್ರ ಕೊಟ್ಟು, ಚಾಲಕನ ಪುಟ್ಟ ಬಟ್ಟಲಿಗೆ ಕಾಫಿ ಹೊಯ್ದರು. ಕುಡಿದಂತೆಲ್ಲ ಮತ್ತೆ ಹೊಯ್ದರು. ಮೂರನೆಯದು ಮುಗಿದಾಗ ಅವನು ಅಲ್ಲಿಯ ಪದ್ಧತಿಯಂತೆ ಬಟ್ಟಲನ್ನು ಅತ್ತಿತ್ತ ಅಲುಗಿಸಿ, "ಖಲಾಸ್, ಶೇಖ್" ಎಂದ.

ನಾನು ಅವನನ್ನೇ ನೋಡಿದೆ. ಅವನು ಮೀಸೆ ಒರೆಸಿಕೊಳ್ಳುತ್ತಿದ್ದ.

"ಅಪ್ಪಾ, ಇವರು ಒಂದು ಪ್ರಾಣಿಯನ್ನು ಖಲಾಸ್ ಎಂದರೆ ಏನರ್ಥ?"

"ಅದರ ಕೆಲಸ ಮುಗೀತು ಅಂತ. ಯಾಕೆ?"

"ಸತ್ತಿತು ಎಂದಲ್ಲವೇ?"

"ಸತ್ರೆ ಮಾತ್ ಅಂತಾರೆ. ನೀವೆಂತ ಬರೆದದ್ದು?" ನನ್ನ ಮುಖ ನೋಡಿ ಅವನಿಗೆ ತಿಳಿದುಹೋಯಿತು. "ಅಯ್ಯೋ ದೇವ್ರೇ. ಪಂಡಿತ್ರೇ, ನೀವು ಕೊಂದದ್ದಾ ಅದನ್ನು?"

ಕಾವಲುಗಾರರು ಏನೆಂದು ಕೇಳಿದರು. ಚಾಲಕ ನನ್ನತ್ತ ನೋಡಿದ. ನಾಳೆ ನಾನೇ ಹೇಳುವೆನೆಂದೆ.

ಬೆಳಿಗ್ಗೆ ಮುಖ್ಯಸ್ಥರ ವಾಹನ ಬಂದು ನಿಂತೊಡನೆ ಅವರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ನನ್ನ ಕೆಲಸ ಹೋದರೂ ಅದು ನ್ಯಾಯವೇ ಎಂದೆ.

"ಒಂದು ಪದವನ್ನು ಕೇಳಿ ತಿಳಿಯಬಹುದಿತ್ತಲ್ಲ?"

"ಕೇಳಬಹುದಿತ್ತು, ಸರ್. ಗೊತ್ತಿದೆ ಎಂದುಕೊಂಡೆ."

"ನಾನೂ ಕೇಳಲಿಲ್ಲ. ನನಗೆ ಸಿಂಹ ಗೊತ್ತಿತ್ತು."

ಆದರೂ ಕಣ್ಣಾರೆ ನೋಡಬೇಕೆಂದರು. ಕಾವಲುಗಾರರು ಪಿಕಪ್ಪಿನಲ್ಲಿ ಮುಂದೆ, ನಾವು ಹಿಂದೆ. ಅವರು ಆಗಾಗ ಇಳಿದು, ಬಾಗಿ, ಬೆರಳಿನಿಂದ ನೆಲ ಮುಟ್ಟಿ, ಮತ್ತೆ ಹತ್ತುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಒಂಟಿ ಜಾಲಿಯ ಮರ ಕಂಡಿತು. ಅದರ ನೆರಳಿನಲ್ಲಿ ತಾನೇ ಕೆರೆದುಕೊಂಡ ಗುಳಿಯೊಳಗೆ ಬಿಳಿಯ ಮೈಯೊಂದು ಮಲಗಿತ್ತು. ವಾಹನದ ಸದ್ದಿಗೆ ಎದ್ದು ನಿಂತಿತು. ಎಡಗೊಂಬು ಮೊಂಡು. ಮೈ ತುಂಬಿಕೊಂಡಿತ್ತು, ಹಿಂಡಿನ ಹಿಂದೆ ನಡೆಯುತ್ತಿದ್ದಾಗ ಇದ್ದುದಕ್ಕಿಂತ ಚೆನ್ನಾಗಿಯೇ ಕಂಡಿತು. ನಮ್ಮನ್ನು ಕೆಲಹೊತ್ತು ದಿಟ್ಟಿಸಿ, ನಾಲ್ಕು ಹೆಜ್ಜೆ ಸರಿದು, ಒಣಹುಲ್ಲಿಗೆ ಬಾಯಿ ಹಾಕಿತು. ನಾನು ಕೈ ಮುಗಿದೆ.

ಮುಖ್ಯಸ್ಥರು ಅಲ್ಲಿಯೇ ಕಾವಲುಗಾರರಿಗೆ ಎಲ್ಲವನ್ನೂ ತಿಳಿಸಿ ಕ್ಷಮೆ ಕೇಳಿದರು. ಆ ವೃದ್ಧರು ಕೋಪಿಸಿಕೊಳ್ಳಲಿಲ್ಲ. ರಿಜಿಸ್ಟರ್ ತರಿಸಿ, ತಪ್ಪಿದ ಸಾಲಿನ ಮೇಲೆ ಬೆರಳಿಡು ಎಂದು ನನಗೆ ಹೇಳಿದರು. ಇಟ್ಟೆ. ಹೊಡೆದುಹಾಕು ಎಂದರು. ಹಾಕಿದೆ. ಹೊಸದನ್ನು ಬರೆದು ಗಟ್ಟಿಯಾಗಿ ಓದು ಎಂದರು. ನನ್ನ ಹರುಕು ಅರಬ್ಬಿಯಲ್ಲಿ ಓದಿದಾಗ ಒಂದು ಕಡೆ ತಡೆದು, "ಎದ್ದು ನಿಂತದ್ದು ನಾವು ಇಳಿಯುವ ಮೊದಲು" ಎಂದು ತಿದ್ದಿದರು.

ಕೆಲಸ ನನಗೂ ಉಳಿಯಿತು. ಆದರೆ ಅಂದಿನಿಂದ ಸಂಜೆಯ ವರದಿಯ ರೀತಿಯೇ ಬೇರೆಯಾಯಿತು. ಪ್ರತಿ ಪ್ರಾಣಿಯ ಹೆಸರಿನ ಮುಂದೆಯೂ ಅವರು, ಬದುಕಿದೆ ಎಂಬುದಕ್ಕೆ, 'ಹಯ್' ಎಂದು ಬಿಡಿಸಿ ಹೇಳುತ್ತಿದ್ದರು. ಚಾಲಕ ನಗುತ್ತ ತಿಳಿಸುತ್ತಿದ್ದ: "ಶೈಬಾ ಹಯ್ ಅಂತೆ. ಹಿರಿ ಹೆಣ್ಣು ಹಯ್. ಅವರ ಒಂಟೆ ಹಯ್. ಅವರೂ ಹಯ್ ಅಂತೆ, ಪಂಡಿತ್ರು ಮರೀದೆ ಬರ್ಕೊಳ್ಬೇಕಂತೆ." ನಾನು ಒಂಟೆಯನ್ನು ಬಿಟ್ಟು ಉಳಿದದ್ದನ್ನು ಬರೆದುಕೊಳ್ಳುತ್ತಿದ್ದೆ.

ಎರಡು ಚಳಿಗಾಲ ಹೀಗೆಯೇ ನಡೆಯಿತು. ಮೂರನೆಯದರ ಒಂದು ಸಂಜೆ ರೇಡಿಯೋ ಸುಮ್ಮನಿತ್ತು. ಕತ್ತಲಾಗುವ ಮೊದಲು ಪಿಕಪ್ ಬಂತು. ಕಾವಲುಗಾರರು ಇಳಿದು ಕೈಕಾಲು ತೊಳೆದು ನನ್ನೆದುರು ಕುಳಿತರು. ನಾನು ರಿಜಿಸ್ಟರ್ ತೆರೆದು, ಲೇಖನಿಯ ಮುಚ್ಚಳ ತೆಗೆಯುವವರೆಗೂ ಕಾದು ಅವರು, "ಶೈಬಾ ಮಾತ್" ಎಂದು ಬಿಡಿಸಿ ಹೇಳಿದರು.