ಹೆಸರು ಬೇಡ ಅಂದ ಮೇಷ್ಟ್ರು

ಮೇಷ್ಟ್ರ ಎಡಗಿವಿ ಪೂರ್ತಿ ಕಿವುಡು. ಯಾರೇ ಮಾತಾಡಿಸಲಿ, ಕತ್ತು ಹೊರಳಿಸಿ, ಬಿಳಿ ಕೂದಲು ಚಾಚಿಕೊಂಡಿದ್ದ ಬಲಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೇ ತರುತ್ತಿದ್ದರು. ಕಡೂರಿನ ಕಾಲೇಜಿನಲ್ಲಿ ನಾವು ಹುಡುಗಿಯರು ಅದನ್ನು ಅಣಕಿಸಿ ಬಿದ್ದುಬಿದ್ದು ನಗುತ್ತಿದ್ದೆವು. ಅವರಿಗೂ ಗೊತ್ತಿತ್ತು. "ನಗ್ರಮ್ಮ ನಗ್ರಿ. ಎಡಗಡೆ ನಿಂತು ನಗ್ರಿ, ನಂಗೆ ಕೇಳ್ಸಲ್ಲ" ಅನ್ನುತ್ತಿದ್ದರು.

ಅರ್ಥಶಾಸ್ತ್ರ ಕಲಿಸುತ್ತಿದ್ದ ಈ ಮನುಷ್ಯ ರಜಾ ಬಂತೆಂದರೆ ಸಂತೆಯ ದಾರಿಯಲ್ಲಿ ಇರುತ್ತಿದ್ದರು. ಸಂತೆಯೊಳಕ್ಕೆ ಕಾಲಿಡುತ್ತಿರಲಿಲ್ಲ, ನೋಡಿ. ಅಜ್ಜಂಪುರದ ಸಂತೆ ಮುಗಿಸಿ ಹೆಂಗಸರು ಬಸ್ಸಿಗೆ ಕಾಯುವ ಕಡೆ ನಿಂತು, "ತಾಯಿ, ತಗೋಬೇಕು ಅಂತ ಬಂದು ಇವತ್ತು ಏನು ಬಿಟ್ಟು ಹೊರಟ್ರಿ?" ಎಂದು ಕೇಳುವರು. "ಏನ್ ತಗೊಂಡ್ರು ಅನ್ನೋದನ್ನ ಸರ್ಕಾರ ಬರ್ಕೊಳ್ಳುತ್ತೆ. ಬಿಟ್ಟಿದ್ದನ್ನ ನಾವೇ ಬರ್ಕೋಬೇಕು ಕಣಮ್ಮ" ಎಂದು ನನ್ನ ಕೈಗೂ ಒಂದು ನೋಟ್‌ಬುಕ್ ಕೊಟ್ಟರು. ಊರು ಬರೆಯಬೇಕು, ಬಿಟ್ಟ ಸಾಮಾನು ಬರೆಯಬೇಕು, ಹೆಸರು ಮಾತ್ರ ಬರೆಯಕೂಡದು. ಹೆಸರು ಹೊರಗೆ ಬರಲ್ಲ ಅಂತ ಅವರು ಒಬ್ಬೊಬ್ಬರಿಗೂ ಮಾತು ಕೊಡುತ್ತಿದ್ದರು.

ನಾನು ಬರೆದೆ. ಏನು ಮಾಡಲಿ? "ನೀನು ಯಾರ ಪೈಕಿ, ಯಾರ ಮಗಳು" ಅಂತ ವಿಚಾರಿಸದೆ ನಮ್ಮ ಕಡೆ ಯಾವ ಹೆಂಗಸೂ ಬಾಯಿ ಬಿಡಲ್ಲ. ನಾನು ಹೇಳಿದ ಮೇಲೆ ಅವರೂ ಹೇಳುತ್ತಾರೆ. ಮುಂದಿನ ವಾರ ಹೆಸರು ಹಿಡಿದು ಮಾತಾಡಿಸದಿದ್ದರೆ ಜಂಬದೋಳು ಅಂದುಕೊಳ್ಳುತ್ತಾರೆ ಅಂತ, ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎಲ್ಲರ ಹೆಸರನ್ನೂ ಗುಟ್ಟಾಗಿ ಬರೆದಿಟ್ಟಿದ್ದೆ.

ಬೆಲೆ ಇಳಿದಿದೆ, ಜನ ಸುಖವಾಗಿದ್ದಾರೆ ಎಂದು ಸರ್ಕಾರ ಸಾರಿದ ವರ್ಷ ಮೇಷ್ಟ್ರು ಒಂದು ತೆಳು ಪುಸ್ತಿಕೆ ತಂದರು. ಯಾವ ಊರಿನ ಚೀಲದಿಂದ ತೊಗರಿಬೇಳೆ ಮಾಯವಾಯಿತು, ಯಾವ ಊರಿನಲ್ಲಿ ಎಣ್ಣೆ ಅರ್ಧಕ್ಕಿಳಿಯಿತು, ಎಲ್ಲ ಅದರಲ್ಲಿತ್ತು. ತರೀಕೆರೆಯ ಬಸ್ ನಿಲ್ದಾಣದ ಎದುರು ನಿಂತು ಗಟ್ಟಿಯಾಗಿ ಓದಿದರು. ಮೂರನೇ ದಿನ ಪೊಲೀಸರು ಬಂದು ಕರೆದೊಯ್ದರು. ಕಟ್ಟುಕತೆ ಹರಡಿ ಜನರನ್ನು ಸರ್ಕಾರದ ಮೇಲೆ ಎತ್ತಿಕಟ್ಟಿದರು ಅಂತ ಕೇಸು. ಹೀಗೆ ಹೇಳಿದ ಒಬ್ಬ ಹೆಂಗಸನ್ನಾದರೂ ತೋರಿಸಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ತೋರಿಸಲಿಲ್ಲ, ಜಾಮೀನೂ ಸಿಗಲಿಲ್ಲ.

ನನ್ನ ಹತ್ತಿರ ಹೆಸರುಗಳಿದ್ದವಲ್ಲ! ಜೈಲಿಗೆ ಓಡಿದೆ. "ಸರ್, ತಪ್ಪು ಮಾಡಿದೀನಿ, ಹೆಸರು ಬರ್ದಿಟ್ಟಿದೀನಿ. ಲಾಯರಿಗೆ ಕೊಟ್ಬಿಡ್ತೀನಿ, ನೀವು ಹೊರಗೆ ಬರ್ತೀರ" ಅಂದೆ. ಬಲಗಿವಿಯನ್ನು ಜಾಲರಿಗೆ ಒತ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

"ಅವರಲ್ಲಿ ವಿಧವಾ ಪಿಂಚಣಿ ತಗೊಳ್ಳೋರು ಇದಾರಾ?"

"ತುಂಬ ಜನ ಇದಾರೆ, ಸರ್."

"ನಾಳೆ ಅದು ನಿಂತ್ರೆ ನೀನು ಕೊಡ್ತೀಯಾ, ನಾನು ಕೊಡ್ತೀನಾ? ಮನೆಗೆ ಹೋಗಿ ನೀರೊಲೆಗೆ ಹಾಕು."

ಅಳುವೂ ಬಂತು, ಸಿಟ್ಟೂ ಬಂತು. ಈ ಮುದುಕನ ಹಟಕ್ಕಿಷ್ಟು ಬೆಂಕಿ ಬೀಳ ಅಂತ ಬೈದುಕೊಂಡೇ ಊರಿಗೆ ಬಂದು, ಆ ಹಾಳೆಗಳನ್ನು ಹರಿದು ಸುಟ್ಟೆ.

ವರ್ಷ ತುಂಬಿತು. ಒಂದು ದಿನ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಅಂತರಘಟ್ಟೆಯ ಅಜ್ಜಿಯೊಬ್ಬರು ಎದ್ದು ನಿಂತರು. ಯಾರೂ ಕರೆದಿರಲಿಲ್ಲ. ಮೇಷ್ಟ್ರು ಯಾಕೆ ಒಳಗಿದ್ದಾರೆ ಅನ್ನುವುದು ಬಸ್ಸಿನಲ್ಲಿ ಕಿವಿಗೆ ಬಿದ್ದು, ತಾವೇ ಹೊರಟು ಬಂದಿದ್ದರು.

"ಬೇಳೆ ಬಿಟ್ಟು ಬಂದೆ ಅಂದೋಳು ನಾನೇ ಸ್ವಾಮಿ. ಬರ್ಕೊಳ್ಳಿ ನನ್ನ ಹೆಸರು."

ನ್ಯಾಯಾಧೀಶರು ಮೇಷ್ಟ್ರ ಕಡೆ ತಿರುಗಿ, ಇವರು ನಿಮಗೆ ಗೊತ್ತೇ ಎಂದು ಕೇಳಿದರು. ಜೀವಮಾನದಲ್ಲಿ ಒಂದು ಅಂಕಿಯನ್ನೂ ತಿದ್ದದ ಮನುಷ್ಯ, "ಇಲ್ಲ ಸ್ವಾಮಿ, ಈಕೆಯನ್ನ ನಾನು ನೋಡೇ ಇಲ್ಲ" ಅಂದುಬಿಟ್ಟರು!

ಅಜ್ಜಿ ಸೊಂಟಕ್ಕೆ ಕೈಯಿಟ್ಟರು. "ಏನ್ರೀ ಮೇಷ್ಟ್ರೇ, ನಾನ್ ಕೊಟ್ಟ ಸೌತೆಕಾಯಿ ತಿಂದು, ಇನ್ನೊಂದಿದ್ರೆ ಕೊಡವ್ವ ಅಂದೋರು ಈಗ ನೋಡೇ ಇಲ್ಲ ಅಂತೀರಾ? ನನ್ ಹೆಸರು ನಂದು ಕಣ್ರೀ. ಹೇಳೋಳು ನಾನು, ಮುಚ್ಚಿಡಕೆ ನೀವ್ಯಾರು?"

ಕೋರ್ಟಿಗೆ ಕೋರ್ಟೇ ನಕ್ಕಿತು. ಮೇಷ್ಟ್ರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು. ಲಾಯರು ಅಜ್ಜಿಯ ಹೇಳಿಕೆ ಬರೆಸಿ ಸಲ್ಲಿಸಿದರು, ಮುಂದಿನ ವಾಯಿದೆಗೆ ಜಾಮೀನು ಸಿಕ್ಕಿತು. ಮೇಷ್ಟ್ರು ಹೆದರಿದ್ದ ಹಾಗೆಯೇ ಅಜ್ಜಿಯ ಪಿಂಚಣಿ ನಿಂತಿತು. ಹೊರಗೆ ಬಂದ ಮೇಷ್ಟ್ರು ದಿನಾ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಹೋಗಿ ಕೂತರು, ಅದು ಮತ್ತೆ ಶುರುವಾಗುವ ತನಕ ಬಿಡಲಿಲ್ಲ.

ಆಮೇಲೊಂದು ದಿನ ನನಗೆ ಹೇಳಿದರು: "ನೀನೊಬ್ಳೇ ಅಲ್ಲ, ನಾನೂ ತಪ್ಪು ಮಾಡ್ದೆ ಕಣಮ್ಮ. ಅವರನ್ನ ಏನೇನೋ ಕೇಳ್ದೆ. ಹೆಸರು ಹೇಳ್ಲಾ ಬೇಡ್ವಾ ಅಂತ ಮಾತ್ರ ಕೇಳ್ಲೇ ಇಲ್ಲ. ನಾನೇ ತೀರ್ಮಾನ ಮಾಡ್ಬಿಟ್ಟೆ."

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ತರೀಕೆರೆಯಲ್ಲಿ ಈಗ ನಾನು ಪಾಠ ಮಾಡುತ್ತೇನೆ, ನನ್ನ ಹುಡುಗಿಯರನ್ನು ಸಂತೆಯ ದಾರಿಗೆ ಕಳಿಸುತ್ತೇನೆ. ಹೆಸರು ಬರ್ಕೊಳ್ಲಾ ಅಂತ ಅವರು ಮೊದಲು ಕೇಳುತ್ತಾರೆ. ಬೇಡ ಅನ್ನುವವರೇ ಹೆಚ್ಚು. ಬರ್ಕೋ ಮಗಾ, ಸರಿಯಾಗಿ ಬರ್ಕೋ ಅನ್ನುವವರೂ ಇದ್ದಾರೆ.