ಮೆದುಳಿನ ಕಪ್ಪು ಪಟ್ಟಿ ಕತ್ತರಿಸುವ ಫ್ಯಾನಕ್ಕ

ತಂಗಿ ಹೋದ ಸುದ್ದಿ ನಮಗೆ ತಿಳಿದದ್ದು ಒಂದು ಸೋಮವಾರ ಮುಂಜಾನೆ. ಅವಳ ಗಂಡ ಫೋನ್ ಮಾಡಿ, “ಭಾವ, ನಡುಕ ನಿಂತುಹೋಯ್ತು” ಎಂದಷ್ಟೇ ಹೇಳಿದ. ಪಾರ್ಕಿನ್ಸನ್ ಕಾಯಿಲೆ ಅವಳನ್ನು ಬಹಳ ವರ್ಷ ನಡುಗಿಸಿತ್ತು. ನಾವು ಅವಳ ಮನೆಗೆ ಹೋಗಿ ಅತ್ತು ಮುಗಿಸುವ ಮೊದಲೇ ಮೆದುಳು ಬ್ಯಾಂಕಿನ ವಾಹನ ಬಾಗಿಲಿಗೆ ಬಂತು. ಮೆದುಳನ್ನು ಸಂಶೋಧನೆಗೆ ಕೊಡುವುದಾಗಿ ಅವಳೇ ಒಪ್ಪಿಗೆ ಕೊಟ್ಟಿದ್ದಳು. ಚಿಕ್ಕಮ್ಮ ಮಾತ್ರ ನನ್ನ ತೋಳು ಹಿಡಿದು, “ಬದುಕಿದ್ದಾಗ ಚುಚ್ಚಿದ್ದು ಸಾಲದಾ? ಯಾರೋ ಏನೋ, ತರಕಾರಿ ಹೆಚ್ಚಿದ ಹಾಗೆ ಹೆಚ್ಚಿ ಎಸೀತಾರೆ ಕಣೋ” ಎಂದು ಅತ್ತರು.

ಆ ಮಾತು ಪ್ರಾರ್ಥನೆಗೆ ಕೂತಾಗಲೂ ನನ್ನನ್ನು ಬಿಡಲಿಲ್ಲ. ಹೆಚ್ಚುವ ಕೈ ಯಾರದೆಂದು ನೋಡಲೇಬೇಕೆನಿಸಿ, ಕೆಲವು ತಿಂಗಳ ಬಳಿಕ ಅನುಮತಿ ಪಡೆದು ಆ ಬ್ಯಾಂಕಿನ ಪ್ರಯೋಗಾಲಯಕ್ಕೆ ಹೋದೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೋಣೆ ತಣ್ಣಗಿದ್ದರೆ ಮೇಣ ಗಟ್ಟಿಯಾಗಿರುತ್ತದೆ, ಅದಕ್ಕೇ ಈ ಹೊತ್ತು. ಆ ಮೇಣದೊಳಗೆ ಉಗುರಿನಷ್ಟು ಮೆದುಳಿನ ತುಂಡು. ಎಲ್ಲರೂ ‘ಫ್ಯಾನಕ್ಕ’ ಎನ್ನುವ ಹೆಂಗಸೊಬ್ಬರು ಗಾಳಿಗೆ ಏನೂ ಹಾರದಂತೆ ಮೊದಲು ಫ್ಯಾನ್ ಆರಿಸುತ್ತಾರೆ, ಆಮೇಲೆ ಯಂತ್ರದ ಹಿಡಿ ತಿರುಗಿಸುತ್ತಾರೆ. ಬ್ಲೇಡಿನಿಂದ ಕೂದಲಿಗಿಂತ ಎಷ್ಟೋ ತೆಳುವಾದ ಪದರ ಇಳಿಯುತ್ತದೆ. ಉಸಿರು ಬಿಗಿಹಿಡಿದು, ಕುಂಚದ ತುದಿಯಿಂದ ಅದನ್ನೆತ್ತಿ ಬೆಚ್ಚಗಿನ ನೀರಿಗೆ ಬಿಡುತ್ತಾರೆ. ಸುಕ್ಕು ತಾನೇ ಬಿಚ್ಚಿಕೊಳ್ಳುತ್ತದೆ. ಗಾಜಿನ ಮೇಲೆ ತೆಗೆದುಕೊಂಡ ಮೇಲೆಯೇ ಅವರು ಉಸಿರಾಡುವುದು.

“ಫ್ಯಾನಕ್ಕನ ಹತ್ರ ಸೀನಿದ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ!” ಎಂದು ಬಾಗಿಲಲ್ಲಿ ಡಾಕ್ಟರು ನಗುತ್ತಾರೆ.

“ನಿಮಗೇನು ಡಾಕ್ಟ್ರೇ, ಹಾರಿಹೋದ ಮೆದುಳು ವಾಪಸ್ ಬೆಳೆಯುತ್ತಾ?” ಎಂದು ಇವರು ತಿರುಗಿಯೂ ನೋಡದೆ ಹೇಳುತ್ತಾರೆ.

ಫ್ಯಾನಕ್ಕ ಇಲ್ಲಿ ಬಾಟಲಿ ತೊಳೆಯಲು ಸೇರಿ, ನೋಡುತ್ತ ನೋಡುತ್ತ ಈ ಕೆಲಸ ಕಲಿತವರು. “ಮೆದುಳು ಮುಟ್ಟಿದ ಕೈ ಅಂತ ಮೊದಮೊದಲು ನಾನು ಬಡಿಸಿದ್ರೆ ನಮ್ಮತ್ತೆ ತಟ್ಟೆ ಆಚೆ ಸರಿಸ್ತಿದ್ರು. ಈಗ ನಾನು ಬಡಿಸದಿದ್ರೆ ಮುನಿಸು!”

ನಡುಮೆದುಳಿನಲ್ಲಿ ಒಂದು ಕಪ್ಪು ಪಟ್ಟಿ ಇದೆ. ನಮ್ಮ ಚಲನೆಯನ್ನು ಹದದಲ್ಲಿಡುವ ಜೀವಕೋಶಗಳು ಅಲ್ಲಿರುತ್ತವೆ. ಈ ಕಾಯಿಲೆಯಲ್ಲಿ ಅವು ಸಾಯುತ್ತವೆ, ಪಟ್ಟಿ ಮಾಸುತ್ತದೆ. ಸುತ್ತಲಿನ ಕಾವಲು ಕೋಶಗಳು ಊದಿಕೊಂಡು ರಾಸಾಯನಿಕ ಸಂಕೇತ ಕಳಿಸುತ್ತವೆ. ಅದನ್ನು ಕೇಳಿ ರಕ್ತದಿಂದಲೂ ರಕ್ಷಕ ಕೋಶಗಳು ಬರುತ್ತವೆ. ಬೆಂಕಿ ಆರಿಸಲು ಬಂದವೇ ಬೆಂಕಿ ಹೆಚ್ಚಿಸುತ್ತವೆಯೋ ಎಂಬುದು ಇಲ್ಲಿಯವರ ಪ್ರಶ್ನೆ. ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

“ಬರಿಗಣ್ಣಿಗೆ ಕಪ್ಪು ಕಂಡರೂ ಈ ಜಾಗಕ್ಕೆ ತನ್ನದೇ ಕಂದು ಬಣ್ಣ ಇರುತ್ತೆ ಸರ್. ಕಾವಲಿನವು ಕಾಣಲಿ ಅಂತ ಹೊಸದರಲ್ಲಿ ನಾನೂ ಕಂದು ಬಣ್ಣಾನೇ ಹಾಕಿಬಿಟ್ಟೆ. ಯಾವುದು ಯಾವುದು ಅಂತ ಗೊತ್ತಾಗದೆ ಒಬ್ಬರ ತುಂಡೆಲ್ಲ ವ್ಯರ್ಥ ಆಯ್ತು. ಆವತ್ತು ಊಟ ಸೇರಲಿಲ್ಲ. ಈಗ ಈ ಪಟ್ಟಿಗೆ ಕೆಂಪೇ” ಎನ್ನುತ್ತಾರೆ ಫ್ಯಾನಕ್ಕ.

ನಿನ್ನೆ ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನನ್ನನ್ನು ಕರೆಯುತ್ತಾರೆ. ಉಳಿದಿರುವ ಕೆಲವೇ ಕಂದು ಕೋಶಗಳು. ಅವುಗಳ ಸುತ್ತ ಬೇರು ಚಾಚಿದಂತೆ ಕೆಂಪು ಕಾವಲುಗಾರರು. ಸೃಷ್ಟಿಕರ್ತ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟನ್ನು ಇಟ್ಟಿದ್ದಾನಲ್ಲ ಎಂದು ಕಣ್ಣು ಕೀಳದೆ ನೋಡುತ್ತೇನೆ.

“ಇದು ನನ್ನ ತಂಗಿಯದೇನಮ್ಮ?”

“ಗೊತ್ತಿಲ್ಲ ಸರ್. ನಮಗೆ ಹೆಸರು ಬರಲ್ಲ, ಬರೀ ನಂಬರು. ಅದಕ್ಕೇ ಯಾರದ್ದನ್ನೂ ಹಗುರವಾಗಿ ಮುಟ್ಟೋಕಾಗಲ್ಲ. ಅವರ ಮನೆಯವರು ಪಕ್ಕದಲ್ಲೇ ನಿಂತು ನೋಡ್ತಿದಾರೆ ಅಂದ್ಕೊಂಡೇ ಬ್ಲೇಡು ಹಾಕ್ತೀನಿ.” ಗಾಜನ್ನು ತೆಗೆದಿಡುತ್ತ, “ಈ ಕೆಂಪನ್ನ ತಣ್ಣಗೆ ಮಾಡೋ ಔಷಧಿ ಬಂತು ಅಂತ ಒಂದಿನ ಕೇಳಬೇಕು. ಅಷ್ಟೇ ಆಸೆ” ಎನ್ನುತ್ತಾರೆ.

ಮನೆಗೆ ಬಂದು ಚಿಕ್ಕಮ್ಮನಿಗೆ ಕಂಡದ್ದನ್ನೆಲ್ಲ ಹೇಳಿದೆ. ಅವರು, “ನಿಜವಾಗ್ಲೂ ಉಸಿರು ಹಿಡಿದುಕೊಂಡೇ ಎತ್ತುತ್ತಾಳೇನೋ?” ಎಂದರು. ಹೌದೆಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಗಾದ್ರೆ ಸರಿ ಬಿಡು” ಎಂದರು.

ಭಗವಂತ, ತನ್ನ ಮೆದುಳನ್ನೇ ಕೊಟ್ಟು ಬಂದ ನನ್ನ ತಂಗಿಯನ್ನು ನಿನ್ನ ಬಳಿ ನೆಮ್ಮದಿಯಾಗಿ ಇರಿಸಿಕೋ. ಅವಳಿಗೆ ಶಾಂತಿಯ ನಿದ್ದೆ ಬರಲಿ.